ಸುಳಿಯ ಸಾಕ್ಷಿ

ಮಣ್ಣಿನ ಮಡಕೆಯನ್ನು ಕೊಳ್ಳುವವರು ಅದನ್ನು ಕೇವಲ ಕಣ್ಣಿನಿಂದ ನೋಡಿ ಕೊಳ್ಳುವುದಿಲ್ಲ. ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯ ಬೆರಳ ಗೆಣ್ಣಿನಿಂದ ಮೆಲ್ಲನೆ ಬಡಿದು, ಕಿವಿಗೊಟ್ಟು ಕೇಳುತ್ತಾರೆ. ಗಟ್ಟಿ ಮಡಕೆ 'ಠಣ್' ಎಂದು ತುಂಬುದನಿಯಲ್ಲಿ ಮಾರ್ನುಡಿಯುತ್ತದೆ. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಅದರ ದನಿ ಒಡೆದುಹೋಗುತ್ತದೆ. ಕಂಪ್ಲಿಯ ಸಂತೆಯಲ್ಲಿ ನಮ್ಮ ಅಜ್ಜಿ ಹತ್ತು ಮಡಕೆಗಳನ್ನು ಹೀಗೆ ಮಾತನಾಡಿಸಿ ಒಂದನ್ನು ಆರಿಸುತ್ತಿದ್ದರು. ಮಾರುವವನಿಗೆ ಇದರಿಂದ ಬೇಸರವೇನೂ ಆಗುತ್ತಿರಲಿಲ್ಲ. ಏಕೆಂದರೆ ಆ ಬೆರಳು ಮಡಕೆಗೆ ನೋವುಂಟುಮಾಡುತ್ತಿರಲಿಲ್ಲ. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ದೊಣ್ಣೆಯಿಂದ ಬಡಿದರೂ ಮಡಕೆ ಗಟ್ಟಿಯೋ ಅಲ್ಲವೋ ಎಂಬುದು ತಿಳಿಯುತ್ತದೆ. ಆದರೆ ತಿಳಿದುಕೊಳ್ಳುವ ಹೊತ್ತಿಗೆ ಮಡಕೆಯೇ ಇರುವುದಿಲ್ಲ. ವಸ್ತುವನ್ನು ಕೆಡಿಸದೆ ಅದರೊಳಗಿನ ನಿಜವನ್ನು ಹೊರಡಿಸುವುದು ಹೇಗೆ? ವೃತ್ತಿಯಿಂದ ಲೋಹಪರೀಕ್ಷಕನಾದ ನಾನು ಬಾಳಿನ ಬಹುಭಾಗವನ್ನು ಈ ಒಂದು ಪ್ರಶ್ನೆಯ ಸಹವಾಸದಲ್ಲಿಯೇ ಕಳೆದಿದ್ದೇನೆ.

ಹಂಪೆಯ ವಿಜಯವಿಠ್ಠಲ ದೇವಾಲಯದ ಕಂಬಗಳನ್ನು ನೋಡಿದವರಿಗೆ ಈ ಪ್ರಶ್ನೆಯ ತೂಕ ಚೆನ್ನಾಗಿ ಅರಿವಾಗುತ್ತದೆ. ತಟ್ಟಿದರೆ ಸ್ವರಗೊಡುವ ಆ ಕಲ್ಲಿನ ಕಂಬಗಳೊಳಗೆ ಏನಿದೆಯೆಂದು ತಿಳಿಯುವ ಆಸೆಯಿಂದ ಬ್ರಿಟಿಷರ ಕಾಲದಲ್ಲಿ ಎರಡನ್ನು ಕಡಿದು ನೋಡಿದರೆಂಬ ಕಥೆಯನ್ನು ಅಲ್ಲಿನ ಮಾರ್ಗದರ್ಶಕರು ಹೇಳುತ್ತಾರೆ. ಕಡಿದವರಿಗೆ ಕಂಡದ್ದು ಬರಿಯ ಕಲ್ಲು, ಕಳೆದುಹೋದದ್ದು ಸ್ವರ. ಈಗ ಆ ಕಂಬಗಳನ್ನು ತಟ್ಟುವುದಕ್ಕೂ ನಿಷೇಧವಿದೆ. ದಿನವೂ ನೂರಾರು ಕೈಗಳು ತಟ್ಟುತ್ತ ಹೋದರೆ ಕಲ್ಲೂ ಸವೆಯುತ್ತದೆಯಷ್ಟೆ! ಕಡಿಯುವುದು ಒಂದೇ ಬಾರಿಗೆ ಕೆಡಿಸುತ್ತದೆ. ತಟ್ಟುವುದು ನಿಧಾನವಾಗಿ ಕೆಡಿಸುತ್ತದೆ. ಪರೀಕ್ಷೆಯೆಂಬುದು ಪರೀಕ್ಷೆಗೊಳಗಾದ ವಸ್ತುವನ್ನು ಇದ್ದಂತೆಯೇ ಬಿಟ್ಟು ಬರಬೇಕು. ಅಂತಹ ಪರೀಕ್ಷೆಗಳನ್ನು ಅವಿನಾಶಕ ಪರೀಕ್ಷೆಗಳೆಂದು ಕರೆಯುತ್ತಾರೆ.

ಪರೀಕ್ಷೆ ಮಾಡದಿದ್ದರೆ ಆಗುವುದೇನು ಎಂದು ಯಾರಾದರೂ ಕೇಳಬಹುದು. ಕಲ್ಲು, ಮಣ್ಣು, ಲೋಹ ಯಾವುದೂ ತನ್ನ ಆಯಾಸವನ್ನು ತಾನಾಗಿ ಹೇಳಿಕೊಳ್ಳುವುದಿಲ್ಲ. ಹೊಸಪೇಟೆಯ ಮಗ್ಗುಲಲ್ಲಿರುವ ತುಂಗಭದ್ರಾ ಅಣೆಕಟ್ಟು 1953ರಿಂದ ಲಕ್ಷಾಂತರ ಎಕರೆ ಹೊಲಗದ್ದೆಗಳಿಗೆ ನೀರುಣಿಸುತ್ತ ಬಂದಿದೆ. ಅದಕ್ಕೆ 33 ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿದ್ದ ವೇಳೆಯಲ್ಲಿ, 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಣೆಕಟ್ಟಿನ ಮೇಲಿನ ಒತ್ತಡವನ್ನು ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು, ರೈತರು ವರ್ಷವಿಡೀ ಕಾದಿದ್ದ ನೀರನ್ನು ನದಿಗೆ ಬಿಡಬೇಕಾಯಿತು. ಗೇಟು ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನ ನಡುವೆಯೇ ಉಕ್ಕಿನ ತಾತ್ಕಾಲಿಕ ಗೇಟನ್ನು ಇಳಿಸಿ, ಸುಮಾರು ಒಂದು ವಾರದಲ್ಲಿ ನೀರನ್ನು ತಡೆದರು. ಆ ವಾರ ಕಂಪ್ಲಿ, ಗಂಗಾವತಿ, ಸಿರುಗುಪ್ಪಗಳ ರೈತರ ಮನೆಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಈ ವರ್ಷದ ಬೆಳೆ ಉಳಿದೀತೆ? ಸರಪಳಿಯ ಕೊಂಡಿಯೊಂದರ ಬಲದ ಮೇಲೆ ಎಷ್ಟು ಒಲೆಗಳು ಉರಿಯುತ್ತವೆ ಎಂಬುದು ಅಂದು ಎಲ್ಲರಿಗೂ ತಿಳಿಯಿತು.

ಸರಪಳಿಯಾದರೋ ಕಣ್ಣಿಗೆ ಕಾಣುವಂಥದು, ಕೈಗೆ ಎಟಕುವಂಥದು. ಕಣ್ಣಿಗೂ ಕಾಣದ, ಕೈಗೂ ಎಟಕದ ಲೋಹವಿದ್ದರೆ ಅದನ್ನು ಕೇಳುವ ಬಗೆ ಯಾವುದು? ಅಂತಹ ಲೋಹ ನಮ್ಮ ನಾಡಿನಲ್ಲಿಯೇ ಇದೆ. ಉತ್ತರ ಕನ್ನಡ ಜಿಲ್ಲೆಯ ಕಾಡಿನ ನಡುವೆ, ಕಾಳಿ ನದಿಯ ದಡದ ಕೈಗಾದಲ್ಲಿ, ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಪರಮಾಣು ವಿದ್ಯುತ್ ಘಟಕಗಳಿವೆ. ಮೊದಲಿನ ಎರಡು 2000ದಲ್ಲಿಯೂ, ಮೂರನೆಯದು 2007ರಲ್ಲಿಯೂ, ನಾಲ್ಕನೆಯದು 2011ರಲ್ಲಿಯೂ ವಿದ್ಯುತ್ ಪೂರೈಕೆಯ ಕಾರ್ಯಕ್ಕೆ ತೊಡಗಿದವು. ಅಲ್ಲಿ ಯುರೇನಿಯಂ ಇಂಧನದ ಕಾವನ್ನು ಹೊತ್ತು ತರುವುದು ಭಾರಜಲ. ಸುಮಾರು 290 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದ ಆ ಭಾರಜಲ, ಕುದಿಯದಂತೆ ಅಧಿಕ ಒತ್ತಡದಲ್ಲಿ, ಆವಿ ಉತ್ಪಾದಕಗಳೆಂಬ ದೊಡ್ಡ ಪಾತ್ರೆಗಳಲ್ಲಿನ ಸಾವಿರಾರು ಸಣ್ಣ ಕೊಳವೆಗಳೊಳಗೆ ಹರಿಯುತ್ತದೆ. ಕೊಳವೆಗಳ ಹೊರಗೆ ಇರುವುದು ಸಾಮಾನ್ಯ ನೀರು. ಅದು ಕಾವನ್ನು ಹೀರಿ ಆವಿಯಾಗಿ, ಟರ್ಬೈನನ್ನು ತಿರುಗಿಸಿ, ನಮ್ಮ ಮನೆಗಳ ದೀಪಗಳನ್ನು ಬೆಳಗಿಸುತ್ತದೆ.

ಒಳಗಿನ ನೀರು ವಿಕಿರಣದ ಸೋಂಕುಳ್ಳದ್ದು, ಹೊರಗಿನದು ಸೋಂಕಿಲ್ಲದ್ದು. ಈ ಎರಡರ ನಡುವೆ ಇರುವುದು ಸುಮಾರು ಒಂದು ಮಿಲಿಮೀಟರ್ ದಪ್ಪದ ಲೋಹದ ಗೋಡೆ ಮಾತ್ರ. ಅದರ ಒಂದು ಮಗ್ಗುಲಿಗೆ ಅಧಿಕ ಒತ್ತಡ, ಇನ್ನೊಂದು ಮಗ್ಗುಲಿಗೆ ಕುದಿಯುವ ನೀರು, ಜೊತೆಗೆ ಎಡೆಬಿಡದ ಕಂಪನ. ಕೊಳವೆ ಅಲುಗದಂತೆ ಹಿಡಿದಿರುವ ಆಧಾರಗಳೇ ವರ್ಷಗಳ ಕಾಲ ಉಜ್ಜಿ ಅದನ್ನು ಸವೆಸಬಲ್ಲವು. ನೀರಿನಲ್ಲಿರುವ ಲವಣದ ಕಣ ಒಂದೆಡೆ ಕೂತು ಅದನ್ನು ಕೊರೆಯಬಲ್ಲದು. ಕೊಳವೆಗಳ ಕಟ್ಟು ಪಾತ್ರೆಯ ಹೊಟ್ಟೆಯೊಳಗೆ ಅಡಗಿರುವುದರಿಂದ ಅವುಗಳ ಹೊರಮೈಯನ್ನು ಕಾಣುವ ದಾರಿಯಿಲ್ಲ, ಬಡಿದು ನೋಡುವಂತಿಲ್ಲ, ಕಡಿದು ನೋಡುವ ಮಾತಂತೂ ದೂರ. ಅನ್ನ ಬೆಂದಿದೆಯೆ ಎಂದು ತಿಳಿಯಲು ಒಂದು ಅಗುಳನ್ನು ಹಿಚುಕಿದರೆ ಸಾಕು. ಆದರೆ ಒಂದು ಕೊಳವೆ ಗಟ್ಟಿಯಾಗಿದೆಯೆಂದು ಅದರ ನೆರೆಯ ಕೊಳವೆಯ ಪರವಾಗಿ ಸಾಕ್ಷಿ ಹೇಳಲಾರದು. ಆದುದರಿಂದ ತಯಾರಾಗುವಾಗ ಪ್ರತಿಯೊಂದು ಕೊಳವೆಯನ್ನೂ ಪರೀಕ್ಷಿಸುತ್ತಾರೆ. ಸ್ಥಾವರ ನಡೆಯತೊಡಗಿದ ಮೇಲೆ, ಅದನ್ನು ನಿಲ್ಲಿಸಿದಾಗಲೆಲ್ಲ ಸರದಿಯಂತೆ ಆರಿಸಿದ ಕೊಳವೆಗಳನ್ನು ಪರೀಕ್ಷಿಸಿ, ದೋಷ ಕಂಡರೆ ಇನ್ನಷ್ಟು ಕೊಳವೆಗಳ ಕಡೆಗೆ ಪರೀಕ್ಷೆಯನ್ನು ವಿಸ್ತರಿಸುತ್ತಾರೆ.

ಈ ಪರೀಕ್ಷೆಯ ಗುಟ್ಟನ್ನು ನಾನು ಪುಸ್ತಕದಲ್ಲಿ ಓದುವುದಕ್ಕೆ ಬಹಳ ಮೊದಲೇ ಒಬ್ಬ ಅಂಬಿಗನ ಬಾಯಿಂದ ಕೇಳಿದ್ದೆ. ಹಂಪೆಯ ಹತ್ತಿರದ ತಳವಾರಘಟ್ಟದಿಂದ ಆನೆಗೊಂದಿಗೆ ಹರಿಗೋಲಿನಲ್ಲಿ ನದಿಯನ್ನು ದಾಟುವಾಗ, ನೀರು ಒಂದೆಡೆ ಗಿರ್ರನೆ ತಿರುಗುತ್ತಿರುವುದನ್ನು ಕಂಡು ನಾನು ಹೆದರಿದೆ. ಅಂಬಿಗ ಹುಟ್ಟನ್ನು ಮೆಲ್ಲನೆ ಓರೆಮಾಡಿ, "ತಮ್ಮಾ, ಸುಳಿ ಸುಮ್ಮನ ತಿರುಗೋದಿಲ್ಲ. ಕೆಳಗ ಬಂಡಿ ಐತಿ ಅಂತ ಅದು ನಮಗ ಹೇಳಾಕತ್ತೈತಿ" ಎಂದ. ಅವನು ನೀರಿನೊಳಗೆ ಇಳಿದು ನೋಡಲಿಲ್ಲ. ಕೋಲು ಹಾಕಿ ಕೆದಕಲಿಲ್ಲ. ಮೇಲಿನ ಸುಳಿಯನ್ನು ಓದಿ ಕೆಳಗಿನ ಬಂಡೆಯನ್ನು ಅರಿತ.

ಲೋಹದಲ್ಲಿಯೂ ಸುಳಿಗಳಿವೆ. ಅವು ನೀರಿನ ಸುಳಿಗಳಲ್ಲ, ವಿದ್ಯುತ್ತಿನ ಸುಳಿಗಳು. ಬದಲಾಗುತ್ತಿರುವ ಕಾಂತಕ್ಷೇತ್ರವು ವಿದ್ಯುತ್ತನ್ನು ಪ್ರೇರಿಸುತ್ತದೆ ಎಂಬುದನ್ನು ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟನು. 1855ರಲ್ಲಿ ಫ್ರಾನ್ಸಿನ ಲಿಯೋನ್ ಫೂಕೋ, ಆಯಸ್ಕಾಂತದ ಧ್ರುವಗಳ ನಡುವೆ ತಾಮ್ರದ ತಟ್ಟೆಯನ್ನು ತಿರುಗಿಸಲು ಹೆಚ್ಚು ಬಲ ಬೇಕಾಗುವುದನ್ನೂ, ಆಗ ತಟ್ಟೆ ಬಿಸಿಯಾಗುವುದನ್ನೂ ಕಂಡನು. ತಟ್ಟೆಯೊಳಗೆ ಹುಟ್ಟಿ ಸುತ್ತುವ ವಿದ್ಯುತ್ ಪ್ರವಾಹಗಳೇ ಇದಕ್ಕೆ ಕಾರಣ. ಇವೇ ಸುಳಿ ಪ್ರವಾಹಗಳು. ಕಾರ್ಖಾನೆಗಳಲ್ಲಿ ಇವನ್ನು ಎಡ್ಡಿ ಕರೆಂಟ್ ಎನ್ನುವುದು ರೂಢಿ. ನಿಮಗೆ ತಾಮ್ರದ ಕೊಳವೆಯೂ ಅದರೊಳಗೆ ಸಡಿಲವಾಗಿ ಇಳಿಯುವ ಬಲವಾದ ಆಯಸ್ಕಾಂತವೂ ದೊರೆತರೆ, ಕೊಳವೆಯನ್ನು ನೆಟ್ಟಗೆ ಹಿಡಿದು ಆಯಸ್ಕಾಂತವನ್ನು ಮೇಲಿನಿಂದ ಬಿಟ್ಟು ನೋಡಿ. ತಾಮ್ರವನ್ನು ಆಯಸ್ಕಾಂತ ಸೆಳೆಯುವುದಿಲ್ಲ. ಆದರೂ ಅದು ಯಾರೋ ಹಿಡಿದು ಇಳಿಸುತ್ತಿರುವಂತೆ ತಡೆತಡೆದು ಇಳಿಯುತ್ತದೆ. ಹಾಗೆ ಹಿಡಿದಿರುವವು ಸುಳಿ ಪ್ರವಾಹಗಳೇ.

ಕೊಳವೆಯ ಪರೀಕ್ಷೆಯಲ್ಲಿ ಮಾಡುವುದು ಇಷ್ಟು. ತೆಳುವಾದ ತಂತಿಯ ಸಣ್ಣ ಸುರುಳಿಗಳುಳ್ಳ ಶೋಧಕವೊಂದನ್ನು ಉದ್ದನೆಯ ಕೇಬಲ್ಲಿನ ತುದಿಗೆ ಸಿಕ್ಕಿಸಿ ಕೊಳವೆಯೊಳಗೆ ಕಳುಹಿಸುತ್ತಾರೆ. ಸುರುಳಿಯಲ್ಲಿ ಸೆಕೆಂಡಿಗೆ ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ಬಾರಿ ದಿಕ್ಕು ಬದಲಿಸುವ ಪರ್ಯಾಯ ವಿದ್ಯುತ್ ಹರಿಯುತ್ತಿರುತ್ತದೆ. ಅದರ ಕಾಂತಕ್ಷೇತ್ರವು ಕೊಳವೆಯ ಗೋಡೆಯಲ್ಲಿ ಸುಳಿ ಪ್ರವಾಹಗಳನ್ನು ಎಬ್ಬಿಸುತ್ತದೆ. ಆ ಪ್ರವಾಹಗಳು ತಮ್ಮದೇ ಕಾಂತಕ್ಷೇತ್ರವನ್ನು ಹುಟ್ಟಿಸಿ ಸುರುಳಿಯ ಕ್ಷೇತ್ರವನ್ನು ಎದುರಿಸುತ್ತವೆ. ಗೋಡೆ ಗಟ್ಟಿಯಾಗಿ ಒಂದೇ ಸಮನಾಗಿರುವವರೆಗೆ ಈ ಎದುರಾಟವೂ ಒಂದೇ ಸಮನಾಗಿರುತ್ತದೆ. ಬಿರುಕು ಬಂದಲ್ಲಿ ಪ್ರವಾಹ ನೇರ ಹಾದಿಯನ್ನು ಬಿಟ್ಟು ಬಳಸಿ ಹೋಗಬೇಕಾಗುತ್ತದೆ, ಎದುರಾಟ ಕುಗ್ಗುತ್ತದೆ, ಆ ಬದಲಾವಣೆಯನ್ನು ಸುರುಳಿ ಒಡನೆ ಅರಿಯುತ್ತದೆ. ನದಿಗೂ ಲೋಹಕ್ಕೂ ಇಲ್ಲಿ ಒಂದು ವ್ಯತ್ಯಾಸವುಂಟು. ನದಿಯಲ್ಲಿ ಬಂಡೆಯೇ ಸುಳಿಯನ್ನು ಹುಟ್ಟಿಸುತ್ತದೆ. ಲೋಹದಲ್ಲಿ ಸುಳಿಯನ್ನು ನಾವು ಹುಟ್ಟಿಸಿ, ಬಿರುಕು ಅದನ್ನು ಹೇಗೆ ಕದಡುತ್ತದೆಂಬುದನ್ನು ನೋಡುತ್ತೇವೆ. ಮೇಲಿನದನ್ನು ಓದಿ ಒಳಗಿನದನ್ನು ಅರಿಯುವ ವಿದ್ಯೆ ಮಾತ್ರ ಎರಡು ಕಡೆಯೂ ಒಂದೇ.

ಈ ವಿದ್ಯೆ ಒಂದೇ ದಿನದಲ್ಲಿ ಬೆಳೆದದ್ದಲ್ಲ. ಸುರುಳಿಗಳ ಸಹಾಯದಿಂದ ಒಂದು ಲೋಹವನ್ನು ಇನ್ನೊಂದರಿಂದ ಬೇರ್ಪಡಿಸಿ ಗುರುತಿಸಬಹುದೆಂದು ಡೇವಿಡ್ ಹ್ಯೂಸ್ 1879ರಲ್ಲಿ ತೋರಿಸಿದನು. ಜರ್ಮನಿಯ ಫ್ರೀಡ್ರಿಕ್ ಫರ್ಸ್ಟರ್ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಇದಕ್ಕೆ ಗಣಿತದ ತಳಹದಿಯನ್ನೂ ಉಪಕರಣದ ರೂಪವನ್ನೂ ಕೊಟ್ಟನು. ನಮ್ಮ ದೇಶದಲ್ಲಿ ಕಲ್ಪಾಕ್ಕಂನ ಇಂದಿರಾಗಾಂಧಿ ಪರಮಾಣು ಸಂಶೋಧನ ಕೇಂದ್ರದಲ್ಲಿ ಬಲದೇವ ರಾಜ್ ಅವರೂ ಅವರ ಸಂಗಡಿಗರೂ ಅವಿನಾಶಕ ಪರೀಕ್ಷೆಗಳನ್ನು ಬಹುವಾಗಿ ಬೆಳೆಸಿದರು.

ಎಲ್ಲ ವಿದ್ಯೆಗಳಂತೆ ಇದಕ್ಕೂ ಮಿತಿಗಳುಂಟು. ವಿದ್ಯುತ್ತು ಹರಿಯದ ಮಡಕೆಯನ್ನು ಇದರಿಂದ ಪರೀಕ್ಷಿಸಲಾಗದು. ಅದಕ್ಕೆ ಅಜ್ಜಿಯ ಬೆರಳೇ ಸರಿ. ಸುಳಿ ಪ್ರವಾಹಗಳು ಲೋಹದ ಮೇಲ್ಭಾಗದಲ್ಲಿಯೇ ಬಲವಾಗಿದ್ದು ಆಳಕ್ಕೆ ಹೋದಂತೆ ಸೊರಗುತ್ತವೆ. ಸಂಡೂರಿನ ಬೆಟ್ಟಗಳ ಅದಿರು ತೋರಣಗಲ್ಲಿನ ಕುಲುಮೆಗಳಲ್ಲಿ ಕರಗಿ ಉಕ್ಕಾಗಿ ಹೊರಬರುತ್ತದೆಯಷ್ಟೆ? ಆಯಸ್ಕಾಂತಕ್ಕೆ ಅಂಟಿಕೊಳ್ಳುವ ಅಂತಹ ಉಕ್ಕಿನಲ್ಲಿ ಅವು ಬಹುಬೇಗ ಸೊರಗುವುದಲ್ಲದೆ, ಉಕ್ಕಿನ ಕಾಂತಗುಣವೂ ಸಂಕೇತವನ್ನು ಗೊಂದಲಗೊಳಿಸುತ್ತದೆ. ಆದುದರಿಂದ ದಪ್ಪನೆಯ ಉಕ್ಕಿಗೆ ಶ್ರವಣಾತೀತ ಶಬ್ದದ ಪರೀಕ್ಷೆಯಂತಹ ಬೇರೆ ಉಪಾಯಗಳನ್ನು ಬಳಸುತ್ತಾರೆ. ಆವಿ ಉತ್ಪಾದಕಗಳ ಕೊಳವೆಗಳು ನಿಕ್ಕಲ್, ಕಬ್ಬಿಣ, ಕ್ರೋಮಿಯಂಗಳ ಮಿಶ್ರಲೋಹದವು; ಆಯಸ್ಕಾಂತಕ್ಕೆ ಅಂಟದವು; ತೆಳುವಾದ ಗೋಡೆಯವು. ಸುಳಿಯ ಪರೀಕ್ಷೆ ಅವುಗಳಿಗೆ ಹೇಳಿ ಮಾಡಿಸಿದಂತಿದೆ.

ಪರೀಕ್ಷೆಗೆ ಮೊದಲು ಪರೀಕ್ಷಕನು ತನ್ನ ಉಪಕರಣವನ್ನೇ ಪರೀಕ್ಷಿಸಿಕೊಳ್ಳುತ್ತಾನೆ. ಅದಕ್ಕಾಗಿ ಬೇಕೆಂದೇ ಗಾಯಮಾಡಿದ ಕೊಳವೆಯೊಂದನ್ನು ಇಟ್ಟುಕೊಂಡಿರುತ್ತಾರೆ. ಅದರ ಗೋಡೆಯಲ್ಲಿ ನೂರಕ್ಕೆ 20, 40, 60, 80ರಷ್ಟು ಆಳದ ಕುಳಿಗಳನ್ನೂ, ಪೂರ್ತಿ ತೂರಿಹೋಗುವ ಒಂದು ರಂಧ್ರವನ್ನೂ ಕೊರೆದಿರುತ್ತಾರೆ. ಒಂದೊಂದು ಆಳಕ್ಕೂ ತೆರೆಯ ಮೇಲೆ ಮೂಡುವ ರೇಖೆ ಒಂದೊಂದು ಕೋನಕ್ಕೆ ವಾಲುತ್ತದೆ. ಗೊತ್ತಿರುವ ದೋಷವನ್ನು ಉಪಕರಣ ಸರಿಯಾಗಿ ತೋರಿಸಿತೆಂದರೆ ಮಾತ್ರ ಗೊತ್ತಿಲ್ಲದ ದೋಷದ ವಿಷಯದಲ್ಲಿ ಅದರ ಮಾತನ್ನು ನಂಬಬಹುದು. ಇನ್ನೊಬ್ಬರ ತಪ್ಪನ್ನು ಅಳೆಯಹೊರಡುವ ಎಲ್ಲರಿಗೂ ಈ ಪದ್ಧತಿ ಒಳ್ಳೆಯದೆಂದು ನನಗೆ ಅನೇಕ ಸಲ ಅನ್ನಿಸಿದೆ.

ಆದರೆ ಉಪಕರಣ ಎಷ್ಟೇ ಒಳ್ಳೆಯದಾಗಿರಲಿ, ಕೊನೆಗೆ ಓದಬೇಕಾದವನು ಮನುಷ್ಯ. ನಾನು ಈ ವೃತ್ತಿಗೆ ಹೊಸಬನಾಗಿದ್ದಾಗ ನಡೆದ ಒಂದು ಪ್ರಸಂಗ. ಅದು ಪರಮಾಣು ಸ್ಥಾವರವಲ್ಲ. ಒಂದು ಸಾಮಾನ್ಯ ಕಾರ್ಖಾನೆ. ಎಣ್ಣೆಯನ್ನು ತಂಪುಮಾಡುವ ಯಂತ್ರದ ಹಿತ್ತಾಳೆಯ ಕೊಳವೆಗಳನ್ನು ಪರೀಕ್ಷಿಸುತ್ತಿದ್ದೆವು. ಕೊಳವೆಯನ್ನು ಆಧಾರದ ಹಲಗೆ ಹಿಡಿದಿರುವೆಡೆಯಲ್ಲೆಲ್ಲ ತೆರೆಯ ಮೇಲೆ ಒಂದು ಪರಿಚಿತ ಆಕೃತಿ ಮೂಡುತ್ತಿತ್ತು. ಅದು ದೋಷವಲ್ಲ, ಹಲಗೆಯ ಗುರುತು. ಒಂದು ಕೊಳವೆಯಲ್ಲಿ ಮಾತ್ರ ಆ ಆಕೃತಿಗೆ ಸಣ್ಣದೊಂದು ಬಾಲ ಅಂಟಿಕೊಂಡಿತ್ತು. ನನಗೆ ಈ ವಿದ್ಯೆಯನ್ನು ಕಲಿಸುತ್ತಿದ್ದ ಹಿರಿಯರು ಶೋಧಕವನ್ನು ಹಿಂದಕ್ಕೆಳೆದು ಮತ್ತೆ ಕಳುಹಿಸಿದರು. ಬೇರೊಂದು ಆವರ್ತನದಲ್ಲಿಯೂ ನೋಡಿದರು. ಬಾಲ ಹೋಗಲಿಲ್ಲ.

ಯಂತ್ರವನ್ನು ಅಂದೇ ನಡೆಸಬೇಕೆಂಬ ಆತುರದಲ್ಲಿದ್ದ ಅಧಿಕಾರಿ ಬಂದು, "ಕೂದಲೆಳೆಯಷ್ಟು ಗೀರಿಗೆ ಕೆಲಸ ನಿಲ್ಲಿಸಬೇಕೆ, ರಾಯರೆ? ಏನೂ ಇಲ್ಲವೆಂದು ಬರೆದುಬಿಡಿ" ಎಂದರು. ಅವರು ದುಷ್ಟರೇನಲ್ಲ, ಅವರ ಮೇಲೂ ಮೇಲಿನವರ ಒತ್ತಡವಿತ್ತು. ಹಿರಿಯರು ದನಿ ಏರಿಸಲಿಲ್ಲ. "ಸ್ವಾಮಿ, ಯಂತ್ರವನ್ನು ನಿಲ್ಲಿಸುವುದು, ನಡೆಸುವುದು ತಮಗೆ ಸೇರಿದ್ದು. ಏನು ಕಂಡಿತೆಂದು ಬರೆಯುವುದು ನನ್ನ ಕೆಲಸ. ಕಂಡದ್ದನ್ನು ಕಾಣಲಿಲ್ಲವೆಂದು ಒಂದು ಸಲ ಬರೆದರೆ, ನಾಳೆ ನಾನು ಗಟ್ಟಿ ಎಂದು ಬರೆದ ಕೊಳವೆಯನ್ನೂ ಯಾರು ನಂಬುತ್ತಾರೆ?" ಎಂದರು. ಅಧಿಕಾರಿ ಅರೆಗಳಿಗೆ ಸುಮ್ಮನಿದ್ದು, ಆ ಕೊಳವೆಯನ್ನು ಹೊರತೆಗೆಯಲು ಒಪ್ಪಿದರು. ಆಧಾರದ ಹಲಗೆ ತಾಗುವೆಡೆಯಲ್ಲಿ ಹಿತ್ತಾಳೆ ಉಜ್ಜಿ ಉಜ್ಜಿ ಅರ್ಧಕ್ಕಿಂತ ಹೆಚ್ಚು ಸವೆದಿತ್ತು. ಅದನ್ನು ಕೈಯಲ್ಲಿ ಹಿಡಿದು ನೋಡಿದ ಅಧಿಕಾರಿ ಹಿರಿಯರಿಗೆ ಕೈಮುಗಿದರು. ಹಿರಿಯರು ಮಾತ್ರ ಮುಂದಿನ ಕೊಳವೆಗೆ ಶೋಧಕವನ್ನು ಸೇರಿಸುತ್ತಿದ್ದರು.

ಸಣ್ಣ ಸಂಕೇತ ಕಣ್ಣುತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ನಡೆದ ನಿದರ್ಶನವಿದೆ. ನ್ಯೂಯಾರ್ಕ್ ರಾಜ್ಯದ ಇಂಡಿಯನ್ ಪಾಯಿಂಟ್ ಸ್ಥಾವರದ ಎರಡನೆಯ ಘಟಕದಲ್ಲಿ, 2000ದ ಫೆಬ್ರುವರಿ 15ರಂದು, ಆವಿ ಉತ್ಪಾದಕದ ಒಂದು ಕೊಳವೆ ಅದರ ಬಾಗಿನಲ್ಲಿ ಸೀಳಿತು. ಘಟಕವನ್ನು ಸುರಕ್ಷಿತವಾಗಿ ನಿಲ್ಲಿಸಲಾಯಿತು, ಯಾರಿಗೂ ಅಪಾಯವಾಗಲಿಲ್ಲ. ಆಮೇಲೆ 1997ರ ಪರೀಕ್ಷೆಯ ದಾಖಲೆಗಳನ್ನು ತೆಗೆದು ನೋಡಿದಾಗ, ಬಿರುಕಿನ ಸುಳಿವು ಅವುಗಳಲ್ಲಿಯೇ ಇದ್ದುದು ಕಂಡುಬಂತು. ಉಪಕರಣದ ಗದ್ದಲದ ರೇಖೆಗಳ ನಡುವೆ ಅದು ಅಡಗಿಹೋಗಿತ್ತು. ಲೋಹ ಸಾಕ್ಷಿಯನ್ನು ನುಡಿದಿತ್ತು. ಸಂತೆಯ ಗಲಾಟೆಯಲ್ಲಿ ಮಡಕೆಯ ಒಡಕುದನಿ ಕೇಳದೆ ಹೋಗುವಂತೆ ಅದು ಯಾರಿಗೂ ಕೇಳಿಸಲಿಲ್ಲ. ಆ ಘಟಕದ ನಾಲ್ಕೂ ಆವಿ ಉತ್ಪಾದಕಗಳನ್ನು ಬಳಿಕ ಬದಲಾಯಿಸಬೇಕಾಯಿತು.

ಇಷ್ಟೆಲ್ಲ ಶ್ರಮಪಟ್ಟು ಪರೀಕ್ಷಕನು ಪಡೆಯುವುದೇನು? ಸೇತುವೆ ಕಟ್ಟಿದವನು ಸೇತುವೆಯನ್ನು ತೋರಿಸಬಲ್ಲ. ಬೆಳೆ ಬೆಳೆದವನು ಕಣದ ರಾಶಿಯನ್ನು ತೋರಿಸಬಲ್ಲ. ಪರೀಕ್ಷಕನ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಕೈಗಾದ ಮೊದಲನೆಯ ಘಟಕ 2016ರ ಮೇ 13ರಂದು ನಡೆಯತೊಡಗಿ, 2018ರ ಡಿಸೆಂಬರ್ 31ರವರೆಗೆ, 962 ದಿನ ಒಮ್ಮೆಯೂ ನಿಲ್ಲದೆ ನಡೆಯಿತು. ಅದು ಅಂದಿಗೆ ಪ್ರಪಂಚದಲ್ಲಿಯೇ ದಾಖಲೆಯಾಗಿತ್ತು. ಕೆನಡಾ ದೇಶದ ಒಂದು ಘಟಕ ಮುಂದೆ ಅದನ್ನು ಮೀರಿತು. ಘಟಕ ನಡೆಯುತ್ತಿರುವಾಗ ಆವಿ ಉತ್ಪಾದಕದ ಕೊಳವೆಯೊಳಗೆ ಶೋಧಕವನ್ನು ಕಳುಹಿಸುವಂತಿಲ್ಲ. ಏನು ಕೇಳುವುದಿದ್ದರೂ ಅದನ್ನು ಮೊದಲೇ ಕೇಳಿ, ಬಂದ ಉತ್ತರವನ್ನು ಉಳ್ಳದ್ದು ಉಳ್ಳಂತೆ ಬರೆದಿರಬೇಕು. ಆ 962 ರಾತ್ರಿಗಳಲ್ಲಿ ಅದೆಷ್ಟು ಮಕ್ಕಳು ದೀಪದ ಬೆಳಕಿನಲ್ಲಿ ಪಾಠ ಓದಿಕೊಂಡರೋ! ಅವರಲ್ಲಿ ಒಬ್ಬರಿಗೂ ಒಂದು ಮಿಲಿಮೀಟರ್ ದಪ್ಪದ ಆ ಗೋಡೆಯ ನೆನಪಾಗಿರಲಾರದು. ಅದು ನೆನಪಿಗೆ ಬಾರದಿದ್ದುದೇ ಆ ಕೆಲಸಕ್ಕೆ ಸಂದ ಗೌರವ.